ತಣ್ಣಗಿದ್ದಾಗ 108, ಬಿಸಿಯಾದಾಗ 156: ಕಂಪ್ರೆಷನ್ ಟೆಸ್ಟಲ್ಲಿ ಯಾವ ನಂಬರ್ ನಂಬೋದು?

ಪ್ರಶ್ನೆ: ಸಾರ್, ನಮ್ಮದು 1998ರ ಮಾಡೆಲ್ ಜಿಪ್ಸಿ, ಕಾರ್ಬ್ (ಕಾರ್ಬ್ಯುರೇಟರ್) ಎಂಜಿನ್, ಮಡಿಕೇರಿ ಹತ್ರ ಗಾಳಿಬೀಡಲ್ಲಿ ತೋಟ. ಈ ಸಲ ಚಳಿಗೆ ಬೆಳಿಗ್ಗೆ ಸ್ಟಾರ್ಟ್ ಆಗೋದು ಬಹಳ ಕಷ್ಟ ಆಯ್ತು. ಜನವರಿಲಿ ಒಬ್ಬರು ಮೆಕ್ಯಾನಿಕ್ ಮನೆಗೇ ಬಂದು ಬೆಳಿಗ್ಗೆ ಏಳೂವರೆಗೆ ಕಂಪ್ರೆಷನ್ ನೋಡಿದ್ರು, 138, 134, 140, 108 ಪಿಎಸ್ಐ ಬಂತು. ನಾಲ್ಕನೇ ಬೋರ್ (ಸಿಲಿಂಡರಿನ ಒಳಗೋಡೆ) ಸವೆದು ಹೋಗಿದೆ, ಎಂಜಿನ್ ಇಳಿಸಿ ರೀಬೋರ್ ಮಾಡ್ಬೇಕು, ಅಂದ್ರೆ ಆ ಗೋಡೆ ಮತ್ತೆ ಕೊರೀಬೇಕು ಅಂದ್ರು. ಅದೇ ವಾರ ಕುಶಾಲನಗರಕ್ಕೆ ಓಡಿಸ್ಕೊಂಡು ಹೋಗಿ ಅಲ್ಲೊಂದು ಗ್ಯಾರೇಜಲ್ಲಿ ನೋಡ್ಸಿದ್ರೆ 168, 164, 170, 156. ಅವರು ಏನೂ ಆಗಿಲ್ಲ, ಆರಾಮಾಗಿ ಓಡ್ಸಿ ಅಂದ್ರು. ಎಂಜಿನ್ ಬಿಸಿ ಆದ್ರೆ ಇಷ್ಟೊಂದು ವ್ಯತ್ಯಾಸ ಬರತ್ತಾ? ಯಾರ ಮಾತು ಕೇಳ್ಲಿ?

ಉತ್ತರ:

ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಎಂಜಿನ್ ಇಳಿಸ್ಬೇಡಿ. ಸದ್ಯಕ್ಕೆ ಯಾರಿಗೂ ಅಡ್ವಾನ್ಸ್ ಕೂಡ ಕೊಡ್ಬೇಡಿ. ಕಂಪ್ರೆಷನ್ ಟೆಸ್ಟ್ ಅಂದ್ರೆ ಪ್ಲಗ್ ತೂತಿಗೆ ಗೇಜ್ ಹಾಕಿ ಸೆಲ್ಫ್ ಹೊಡೆದು, ಪಿಸ್ಟನ್ ಗಾಳಿನ ಎಷ್ಟು ಪ್ರೆಷರಿಗೆ ಒತ್ತತ್ತೆ ಅಂತ ನೋಡೋದು, ಪಿಎಸ್ಐ ಆ ಪ್ರೆಷರಿನ ಅಳತೆ. ನಿಮ್ಮ ಎರಡೂ ಟೆಸ್ಟಲ್ಲಿ ಬಂದ ನಂಬರ್ ಸುಳ್ಳಲ್ಲ, ಗೇಜಿಗೆ ಸಿಕ್ಕಿದ್ದನ್ನ ಅದು ತೋರಿಸಿದೆ ಅಷ್ಟೆ. ಆದ್ರೆ ಆ ಎರಡು ಟೆಸ್ಟ್ ಮಧ್ಯೆ ಎಂಜಿನ್ ಬಿಸಿ ಒಂದೇ ಬದಲಾಗಿದ್ದಲ್ಲ, ಊರು ಬದಲಾಗಿದೆ, ಊರಿನ ಎತ್ತರ ಬದಲಾಗಿದೆ, ಗೇಜ್ ಬದಲಾಗಿದೆ, ಸೆಲ್ಫ್ ತಿರುಗಿದ ಸ್ಪೀಡೂ ಬದಲಾಗಿರತ್ತೆ. ಇದನ್ನೆಲ್ಲ ಬಿಡಿಸಿ ನೋಡಿದ್ರೆ ಮಾತ್ರ ನಾಲ್ಕನೇ ಸಿಲಿಂಡರ್ ಕಥೆ ಗೊತ್ತಾಗೋದು, ಮತ್ತೆ ಅದರಲ್ಲಿ ಒಂದು ಕಥೆ ಇರೋದು ನಿಜ.

ಬಿಸಿ ವಿಷಯದಿಂದ ಶುರು ಮಾಡೋಣ. ತುಂಬಾ ಜನ ಹೇಳೋದು ಏನಂದ್ರೆ, ಬಿಸಿ ಎಂಜಿನಲ್ಲಿ ಗಾಳಿ ಹಿಗ್ಗತ್ತೆ ಅದಕ್ಕೆ ಪ್ರೆಷರ್ ಜಾಸ್ತಿ ಬರತ್ತೆ ಅಂತ. ಕೇಳೋಕೆ ಸರಿ ಅನ್ಸತ್ತೆ, ಆದ್ರೆ ಅದು ಹಾಗಲ್ಲ. ಪಿಸ್ಟನ್ ಕೆಳಗೆ ಬಂದಾಗ ಸಿಲಿಂಡರ್ ಒಳಗೆ ತುಂಬೋ ಗಾಳಿಯ ಪ್ರೆಷರ್ ಹೊರಗಿನ ಗಾಳಿಯಷ್ಟೇ ಇರತ್ತೆ, ಬಿಸಿ ಇದ್ರೂ ಅಷ್ಟೇ, ತಣ್ಣಗಿದ್ರೂ ಅಷ್ಟೇ. ಬಿಸಿ ಇದ್ರೆ ಒಳಗೆ ಹೋಗೋ ಗಾಳಿಯ ತೂಕ ಇನ್ನೂ ಕಡಿಮೆನೇ ಆಗತ್ತೆ. ವ್ಯತ್ಯಾಸ ಬರೋದು ಪಿಸ್ಟನ್ ಮೇಲೆ ಬರುವಾಗ. ಸೈಕಲ್ ಪಂಪಲ್ಲಿ ಗಾಳಿ ಹೊಡೆದು ಗೊತ್ತಿರತ್ತಲ್ವಾ, ನಾಲ್ಕು ಸಲ ಜೋರಾಗಿ ಒತ್ತಿದ್ರೆ ಪಂಪಿನ ಬುಡ ಕೈಗೆ ಬಿಸಿ ತಾಗತ್ತೆ. ಗಾಳಿ ಒತ್ತಿದಾಗ ಬಿಸಿ ಆಗತ್ತೆ, ಆ ಬಿಸಿ ಒಳಗೇ ಉಳಿದ್ರೆ ಪ್ರೆಷರ್ ಮೇಲೆ ಏರತ್ತೆ, ಆ ಬಿಸಿನ ಗೋಡೆ ಎಳ್ಕೊಂಡ್ರೆ ಪ್ರೆಷರ್ ಬೀಳತ್ತೆ. ಲೆಕ್ಕ ಹಾಕಿ ನೋಡಿ, ನಿಮ್ಮ ಎಂಜಿನ್ ಕಂಪ್ರೆಷನ್ ರೇಷಿಯೋ ಹೆಚ್ಚುಕಮ್ಮಿ 9 ಅಂತ ಇಟ್ಕೊಳ್ಳಿ, ಅಂದ್ರೆ ಗಾಳಿನ ಒಂಬತ್ತರಲ್ಲಿ ಒಂದು ಪಾಲು ಜಾಗಕ್ಕೆ ಒತ್ತತ್ತೆ, ಹುಟ್ಟಿದ ಬಿಸಿಯೆಲ್ಲ ಗೋಡೆಗೆ ಹೋಗ್ಬಿಟ್ರೆ ಪ್ರೆಷರ್ 9 ಪಟ್ಟು ಮಾತ್ರ ಆಗತ್ತೆ, ಒಂಚೂರೂ ಹೋಗದೆ ಒಳಗೇ ನಿಂತ್ರೆ 21 ಪಟ್ಟು ದಾಟತ್ತೆ. ನಿಜವಾದ ಎಂಜಿನ್ ಇವೆರಡರ ಮಧ್ಯೆ ಎಲ್ಲೋ ಇರತ್ತೆ, ಯಾಕಂದ್ರೆ ಇನ್‌ಟೇಕ್ ವಾಲ್ವ್ ಸ್ವಲ್ಪ ಲೇಟಾಗಿ ಮುಚ್ಚತ್ತೆ, ಪಿಸ್ಟನ್ ಸುತ್ತ ಇರೋ ರಿಂಗ್ ಸಂದಿಲಿ ಸ್ವಲ್ಪ ಸೋರತ್ತೆ, ಗೋಡೆ ಸ್ವಲ್ಪ ಬಿಸಿ ತಿನ್ನತ್ತೆ. ಗಾಳಿಬೀಡಲ್ಲಿ ಜನವರಿ ಬೆಳಿಗ್ಗೆ ಮಂಜು ಇನ್ನೂ ಕಾಫಿ ಗಿಡದ ಮೇಲೆ ಕೂತಿರುವಾಗ ಶೆಡ್ಡಲ್ಲಿ ನಿಂತ ಎಂಜಿನ್ ಬ್ಲಾಕ್ ಮುಟ್ಟಿದ್ರೆ ಕೈ ಜುಂ ಅನ್ನತ್ತೆ, ಆ ಗೋಡೆ ಎಷ್ಟು ಬಿಸಿ ಎಳ್ಕೊಳತ್ತೆ ಅಂತ ನೀವೇ ಯೋಚನೆ ಮಾಡಿ.

ಈಗ ಇದಕ್ಕೆ ಸೆಲ್ಫ್ ಸ್ಪೀಡ್ ಸೇರ್ಸಿ. ನನ್ನ ಪ್ರಕಾರ ತಣ್ಣನೆ ಟೆಸ್ಟಲ್ಲಿ ಜಾಸ್ತಿ ಮೋಸ ಮಾಡೋದು ಇದೇ. ಸೆಲ್ಫ್ 400 ಆರ್‌ಪಿಎಂನಲ್ಲಿ ತಿರುಗಿಸಿದ್ರೆ ಒಂದು ಕಂಪ್ರೆಷನ್ ಸ್ಟ್ರೋಕ್ ಮುಗಿಯೋಕೆ 0.075 ಸೆಕೆಂಡ್ ಬೇಕು, 200ಕ್ಕೆ ಇಳಿದ್ರೆ 0.15 ಸೆಕೆಂಡ್, ಅಂದ್ರೆ ಗಾಳಿಗೆ ಸೋರೋಕೂ ಬಿಸಿ ಕಳ್ಕೊಳ್ಳೋಕೂ ಎರಡರಷ್ಟು ಟೈಮ್ ಸಿಗತ್ತೆ. ಬೆಳಿಗ್ಗೆ ಚಳಿಗೆ ಬ್ಯಾಟರಿ ಕೈ ಕೊಡತ್ತೆ, ಅದರ ಮೇಲೆ ಆಯಿಲ್ ದಪ್ಪ. ನಾವು ಇಲ್ಲಿ ಹಳೇ ಪೆಟ್ರೋಲ್ ಗಾಡಿಗೆಲ್ಲ 20ಡಬ್ಲ್ಯು-40 ಹಾಕ್ತೀವಿ, ಆ ಆಯಿಲ್ 40 ಡಿಗ್ರಿಲಿ ಇರೋ ದಪ್ಪಕ್ಕೂ 100 ಡಿಗ್ರಿಲಿ ಇರೋ ದಪ್ಪಕ್ಕೂ ಎಂಟು ಒಂಬತ್ತು ಪಟ್ಟು ವ್ಯತ್ಯಾಸ ಇರತ್ತೆ, ಇನ್ನು 12-13 ಡಿಗ್ರಿ ಚಳಿಲಿ ಅದು ಜೋನಿಬೆಲ್ಲದ ಥರ ಆಗಿರತ್ತೆ. ಅದರಲ್ಲೂ ನಿಮ್ಮ ಮನೆಗೆ ಬಂದವರು ಒಂದೊಂದೇ ಪ್ಲಗ್ ಬಿಚ್ಚಿ ನೋಡಿದ್ರಾ, ನಾಲ್ಕನ್ನೂ ಒಟ್ಟಿಗೆ ಬಿಚ್ಚಿದ್ರಾ? ಒಂದೊಂದೇ ಬಿಚ್ಚಿದ್ರೆ ಉಳಿದ ಮೂರು ಸಿಲಿಂಡರಿನ ಕಂಪ್ರೆಷನ್ನೂ ಸೆಲ್ಫೇ ತಳ್ಳಬೇಕು, ಇನ್ನೂ ನಿಧಾನ ಆಗತ್ತೆ.

ಎರಡು ವರ್ಷದ ಹಿಂದೆ ಡಿಸೆಂಬರಲ್ಲಿ ಇದನ್ನ ನನ್ನ ಶೆಡ್ಡಲ್ಲೇ ನೋಡ್ಬೇಕು ಅನ್ಸಿ ನಿಮ್ಮದೇ ಥರದ ಒಂದು ಜಿಪ್ಸಿ ಮೇಲೆ ಮಾಡ್ದೆ, ಓನರ್ ಹತ್ರ ಕೇಳ್ಕೊಂಡೇ. ರಾತ್ರಿಯೆಲ್ಲ ಹೊರಗೆ ನಿಂತ ಗಾಡಿ, ಬೆಳಿಗ್ಗೆ ಆರೂವರೆ, ಒಂದನೇ ಸಿಲಿಂಡರ್ 141. ಏನೂ ಮುಟ್ಟದೆ ಪಕ್ಕದ ಗಾಡಿಯ ಒಳ್ಳೆ ಬ್ಯಾಟರಿ ಜಂಪರ್ ಹಾಕಿ ತಿರುಗಿಸಿದ್ರೆ ಅದೇ ಸಿಲಿಂಡರ್ 152. ಆಮೇಲೆ ಇಪ್ಪತ್ತು ನಿಮಿಷ ಓಡಿಸಿ ಬಂದು ಅದೇ ಬ್ಯಾಟರಿ ಅದೇ ಗೇಜಲ್ಲಿ ನೋಡಿದ್ರೆ 163. ನೋಡಿ, 22ರಲ್ಲಿ ಅರ್ಧ ಬ್ಯಾಟರಿದು, ಅರ್ಧ ಬಿಸಿದು. ಎಲ್ಲ ಗಾಡಿಲೂ ಇದೇ ಲೆಕ್ಕ ಬರತ್ತೆ ಅಂತ ನಾನು ಹೇಳ್ತಿಲ್ಲ, ಆದ್ರೆ ಅವತ್ತಿಂದ ಬ್ಯಾಟರಿ ಫುಲ್ ಚಾರ್ಜ್ ಇಲ್ಲದೆ ನಾನು ಗೇಜ್ ಕೈಗೆ ತಗೊಳ್ಳಲ್ಲ.

ಲೋಹ ಹಿಗ್ಗೋದು ಮೂರನೇದು. ಅಲ್ಯೂಮಿನಿಯಂ ಬೀಡುಕಬ್ಬಿಣದ ಹತ್ರ ಹತ್ರ ಎರಡರಷ್ಟು ಹಿಗ್ಗತ್ತೆ. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡೋ ಲೈನರ್ ಕಬ್ಬಿಣ, ಹಾಗಾಗಿ ತಣ್ಣಗಿದ್ದಾಗ ಪಿಸ್ಟನ್ ಬೋರಲ್ಲಿ ಸ್ವಲ್ಪ ಸಡಿಲ, ಬಿಸಿಯಾದ್ರೆ ಸರಿಯಾಗಿ ಕೂರತ್ತೆ, ರಿಂಗ್ ಗ್ಯಾಪ್ ಕೂಡ ಚೂರು ಕಡಿಮೆ ಆಗತ್ತೆ. ಬೋರ್ ತಿಂದಿರೋ ಸಿಲಿಂಡರಲ್ಲಿ ಈ ವ್ಯತ್ಯಾಸ ಎದ್ದು ಕಾಣತ್ತೆ. ದಪ್ಪ ಆಯಿಲ್ ಸಂದಿ ಮುಚ್ಚೋದ್ರಿಂದ ತಣ್ಣಗಿದ್ದಾಗ ರೀಡಿಂಗ್ ಚೆನ್ನಾಗಿ ಬರಬೇಕಲ್ವಾ ಅಂತ ಕೆಲವರು ಕೇಳ್ತಾರೆ, ಕೇಳೋದ್ರಲ್ಲಿ ಅರ್ಥ ಉಂಟು. ರಾತ್ರಿ ಎಲ್ಲ ನಿಂತ ಎಂಜಿನಲ್ಲಿ ಬೋರ್ ಮೇಲಿನ ಆಯಿಲ್ ಕೆಳಗೆ ಇಳಿದಿರತ್ತೆ, ಆದ್ರೂ ಒಂದೊಂದ್ಸಲ ನಿಂತ ಆಯಿಲ್‌ನಿಂದ ಸವೆದ ಎಂಜಿನ್ ತಣ್ಣಗಿದ್ದಾಗ ಚೆನ್ನಾಗಿ ತೋರ್ಸಿ ಬಿಸಿಯಾದ ಮೇಲೆ ಬೀಳೋದನ್ನ ನೋಡಿದ್ದೀನಿ. ಅದಕ್ಕೇ ತಣ್ಣನೆ ರೀಡಿಂಗ್ ಯಾವಾಗ್ಲೂ ಕಡಿಮೆ ಅಂತ ಕಣ್ಣು ಮುಚ್ಚಿ ಹೇಳೋಕೂ ಆಗಲ್ಲ.

ಚೋಕ್ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ನಿಮ್ಮ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗ್ತಿರ್ಲಿಲ್ಲ ಅಂತ ನೀವೇ ಬರ್ದಿದ್ದೀರಿ. ಸ್ಟಾರ್ಟ್ ಆಗದ ಗಾಡಿಗೆ ಏನ್ಮಾಡ್ತೀವಿ? ಚೋಕ್ ಎಳೆದು ಸೆಲ್ಫ್ ಹೊಡೀತೀವಿ, ಮತ್ತೆ ಹೊಡೀತೀವಿ, ಆಕ್ಸಿಲೇಟರ್ ನಾಲ್ಕು ಸಲ ಒತ್ತಿ ಮತ್ತೆ ಹೊಡೀತೀವಿ. ಹಸಿ ಪೆಟ್ರೋಲ್ ಸಿಲಿಂಡರ್ ಒಳಗೆ ಹೋಗಿ ಗೋಡೆ ಮೇಲಿನ ಆಯಿಲ್ ಪೂರ್ತಿ ತೊಳೆದುಬಿಡತ್ತೆ. ಆಯಿಲ್ ಇಲ್ಲದ ರಿಂಗ್ ಗಾಳಿ ತಡೆಯಲ್ಲ, ಕಂಪ್ರೆಷನ್ ಬೀಳತ್ತೆ, ಕಂಪ್ರೆಷನ್ ಬಿದ್ದಿದ್ದಕ್ಕೆ ಇನ್ನೂ ಸ್ಟಾರ್ಟ್ ಆಗಲ್ಲ, ನಾವು ಇನ್ನೂ ಚೋಕ್ ಎಳೀತೀವಿ. ಆಮೇಲೆ ಮೆಕ್ಯಾನಿಕ್ ಬಂದು ಅದೇ ಸ್ಥಿತಿಲಿ ಗೇಜ್ ಹಾಕಿದ್ರೆ ಬೋರ್ ಹೋಗಿದೆ ಅನ್ನೋ ನಂಬರ್ ಬರದೆ ಏನಾಗತ್ತೆ. ಕಾರ್ಬ್ ಎಂಜಿನಲ್ಲಿ ನಾಲ್ಕೂ ಸಿಲಿಂಡರಿಗೆ ಪೆಟ್ರೋಲ್ ಒಂದೇ ಸಮ ಹಂಚಿಕೆ ಆಗಲ್ಲ, ತಣ್ಣಗಿದ್ದಾಗ ಅಂತೂ ಆಗೋದೇ ಇಲ್ಲ, ಒಂದಕ್ಕೆ ಜಾಸ್ತಿ ಹೋಗತ್ತೆ, ಅದೊಂದೇ ತೊಳೆದು ಹೋಗತ್ತೆ.

ಇದು ನನ್ನ ಕೈಯಾರೆ ಆದ ತಪ್ಪಿಂದ ಕಲಿತಿದ್ದು. ನಾನು ಕೆಲಸ ಶುರು ಮಾಡಿ ಮೂರ್ನಾಲ್ಕು ವರ್ಷ ಆಗಿತ್ತು ಅಷ್ಟೆ, ಸುಂಟಿಕೊಪ್ಪ ಕಡೆ ಒಂದು ತೋಟಕ್ಕೆ ಕರೆದ್ರು, ಕಾಫಿ ಕೊಯ್ಲಿನ ಟೈಮ್, ಪೆಟ್ರೋಲ್ ಜೀಪ್ ಬೆಳಿಗ್ಗೆಯಿಂದ ಸ್ಟಾರ್ಟ್ ಆಗ್ತಿಲ್ಲ, ಆಳುಗಳು ತಳ್ಳಿ ತಳ್ಳಿ ಸುಸ್ತಾಗಿದ್ರು. ಗೇಜ್ ಹಾಕ್ದೆ, ಎರಡು ಸಿಲಿಂಡರ್ ತೀರಾ ಕಡಿಮೆ. ರಿಂಗ್ ಹೋಗಿದೆ ಅಂತ ಹೇಳಿ ಎಂಜಿನ್ ಬಿಚ್ಚಿಸ್ದೆ. ಹೆಡ್ ತೆಗೆದು ಬೋರ್ ಒಳಗೆ ಟಾರ್ಚ್ ಬಿಟ್ಟು ನೋಡಿದ್ರೆ ಹೋನಿಂಗ್ ಗೆರೆ ಹಾಗೇ ಇತ್ತು, ಅಡ್ಡ ಅಡ್ಡ ಗೀಚಿದ ಸಣ್ಣ ಗೆರೆ, ಉಗುರಿಗೆ ಮೇಲಿನ ಅಂಚಲ್ಲಿ ಮೆಟ್ಟಿಲೇ ಸಿಕ್ತಿರ್ಲಿಲ್ಲ, ಅಂದ್ರೆ ಬೋರ್ ಸವೆದೇ ಇರ್ಲಿಲ್ಲ. ಡಿಪ್‌ಸ್ಟಿಕ್ ಮೂಸಿದ್ರೆ ಬರೀ ಪೆಟ್ರೋಲ್ ವಾಸನೆ. ಹೋಗಿದ್ದು ಕಂಡೆನ್ಸರ್, ಕಿಡಿ ಬರ್ತಿರ್ಲಿಲ್ಲ, ಅಷ್ಟೆ. ಕೊಯ್ಲಿನ ಮಧ್ಯೆ ಹನ್ನೊಂದು ದಿನ ಆ ಜೀಪ್ ನಿಂತಿತ್ತು, ಮೂಟೆ ಹೊರೋಕೆ ಬಾಡಿಗೆ ಗಾಡಿ ತರ್ಸಿದ್ರು. ಆ ಓನರ್ ನನಗೆ ಒಂದು ಮಾತೂ ಬೈಲಿಲ್ಲ, ಅದು ಇವತ್ತಿಗೂ ನೋಯತ್ತೆ. ಅದಕ್ಕೇ ನಿಮಗೆ ಇಷ್ಟು ಉದ್ದ ಬರೀತಿರೋದು.

ಇನ್ನು ಎತ್ತರದ ವಿಷಯ, ಇದು ನಮ್ಮ ಕೊಡಗಿನವರಿಗೆ ಅಂತಲೇ ಹೇಳ್ಬೇಕಾದ್ದು. ಸುಜುಕಿಯ ಈ 1.3 ಎಂಜಿನಿಗೆ ಕಂಪನಿ ಪುಸ್ತಕದಲ್ಲಿ ಸ್ಟ್ಯಾಂಡರ್ಡ್ ಚದರ ಸೆಂಟಿಮೀಟರಿಗೆ 14 ಕೆಜಿ, ಅಂದ್ರೆ 199 ಪಿಎಸ್ಐ ಅಂತಿದೆ, ಲಿಮಿಟ್ 12 ಕೆಜಿ, ಅಂದ್ರೆ 170 ಪಿಎಸ್ಐ, ಎರಡು ಸಿಲಿಂಡರ್ ಮಧ್ಯೆ ವ್ಯತ್ಯಾಸ 1 ಕೆಜಿ, ಅಂದ್ರೆ 14 ಪಿಎಸ್ಐ ಮೀರಬಾರದು. ಅದೂ ಎಂಜಿನ್ ಬಿಸಿ ಇರ್ಬೇಕು, ಥ್ರಾಟಲ್ ಪೂರ್ತಿ ತೆಗೆದಿರ್ಬೇಕು, 400 ಆರ್‌ಪಿಎಂನಲ್ಲಿ ತಿರುಗ್ಬೇಕು. ಆದ್ರೆ ಅಂಥ ನಂಬರ್ ಎಲ್ಲ ಸಮುದ್ರ ಮಟ್ಟದ ಗಾಳಿ ಲೆಕ್ಕಕ್ಕೆ ಹತ್ತಿರ. ಮಂಗಳೂರಲ್ಲಿ ಸರಿ ಹೋಗತ್ತೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ, ಇಲ್ಲಿ ಗಾಳಿ ಪ್ರೆಷರ್ ಸಮುದ್ರ ಮಟ್ಟದ 87 ಪರ್ಸೆಂಟ್ ಮಾತ್ರ. ಸಿಲಿಂಡರ್ ಒಳಗೆ ಹೋಗೋ ಗಾಳಿನೇ ಶೇಕಡಾ 13 ಕಮ್ಮಿ ಪ್ರೆಷರಲ್ಲಿ ಇದ್ರೆ ಒತ್ತಿ ಬರೋದೂ ಅಷ್ಟೇ ಕಮ್ಮಿ. ಹಾಗಾಗಿ ಹೊಚ್ಚ ಹೊಸ ಎಂಜಿನ್ ಕೂಡ ಮಡಿಕೇರಿಲಿ 199 ತೋರಿಸಲ್ಲ, 173 ಆಸುಪಾಸು ತೋರಿಸತ್ತೆ, ಲಿಮಿಟ್ 148ಕ್ಕೆ ಇಳಿಯತ್ತೆ. ಕುಶಾಲನಗರ ಸುಮಾರು 830 ಮೀಟರ್, ಅಲ್ಲಿ 90 ಪರ್ಸೆಂಟ್ ಚಿಲ್ಲರೆ, ಸ್ಟ್ಯಾಂಡರ್ಡ್ 180, ಲಿಮಿಟ್ 154. ಪುಸ್ತಕದ 170 ಹಿಡ್ಕೊಂಡು ನಮ್ಮ ಬೆಟ್ಟದ ಮೇಲೆ ಎಷ್ಟು ಒಳ್ಳೆ ಎಂಜಿನ್ ಬಿಚ್ಚಿದ್ದಾರೋ ದೇವರಿಗೇ ಗೊತ್ತು.

ಈಗ ನಿಮ್ಮ ನಂಬರಿಗೆ ಬರೋಣ, ಪೆನ್ನು ತಗೊಂಡು ನನ್ನ ಜೊತೆ ಲೆಕ್ಕ ಹಾಕಿ. ಗಾಳಿಬೀಡಿನ ಎತ್ತರ ಮಡಿಕೇರಿಯಷ್ಟೇ ಅಂತ ಹಿಡಿದ್ರೆ ಕುಶಾಲನಗರಕ್ಕೆ ಇಳಿದಿದ್ದಕ್ಕೇ ಶೇಕಡಾ 4ರಷ್ಟು ರೀಡಿಂಗ್ ಏರತ್ತೆ. ಅಂದ್ರೆ ಬೆಳಿಗ್ಗೆಯ 138, 134, 140, 108ನ್ನ ಕುಶಾಲನಗರದಲ್ಲಿ ತಣ್ಣಗೇ ನೋಡಿದ್ರೆ ಸುಮಾರು 144, 139, 146, 112 ಬರ್ತಿತ್ತು. ಅಲ್ಲಿಂದ ಬಿಸಿ ರೀಡಿಂಗಿಗೆ ಎಷ್ಟು ಏರಿದೆ ನೋಡಿ: ಒಂದನೇದು 24, ಎರಡನೇದು 25, ಮೂರನೇದು 24, ನಾಲ್ಕನೇದು 44. ಮೊದಲ ಮೂರು ಹೆಚ್ಚುಕಮ್ಮಿ ಒಂದೇ ಸಮ ಏರಿವೆ, ಆ 24 ಅನ್ನೋದು ಬಿಸಿ ಗೋಡೆ, ತೆಳು ಆಯಿಲ್, ಜೋರಾಗಿ ತಿರುಗಿದ ಸೆಲ್ಫ್, ಬೇರೆ ಗೇಜ್, ಇದೆಲ್ಲದರ ಒಟ್ಟು ಲೆಕ್ಕ. ನಾಲ್ಕನೇದು ಮಾತ್ರ ಅದರ ಮೇಲೆ ಇನ್ನೂ 20 ಏರಿದೆ. ನಿಮ್ಮ ಎಂಜಿನ್ ನಿಮಗೆ ಹೇಳ್ತಿರೋ ವಿಷಯ ಆ 20ರಲ್ಲಿದೆ.

ತಣ್ಣಗಿದ್ದಾಗ ಬಿದ್ದು ಬಿಸಿಯಾದಾಗ ಎದ್ದು ನಿಲ್ಲೋ ಸಿಲಿಂಡರ್ ಅಂದ್ರೆ ನನ್ನ ಮೊದಲ ಅನುಮಾನ ಪೆಟ್ರೋಲ್ ತೊಳೆದಿರೋದು, ಎರಡನೇದು ರಿಂಗ್ ಅಂಟ್ಕೊಂಡಿರೋದು ಅಥವಾ ಸವೆದಿರೋದು. ವಾಲ್ವ್ ಸುಟ್ಟಿದ್ರೆ ಅದು ಬಿಸಿಗೆ ಹೀಗೆ ಸರಿಯಾಗ್ತಿರ್ಲಿಲ್ಲ, ಸುಟ್ಟ ವಾಲ್ವ್ ತಣ್ಣಗಿದ್ರೂ ಸೋರತ್ತೆ, ಬಿಸಿಯಾದ್ರೂ ಸೋರತ್ತೆ. ಹೆಡ್ ಗ್ಯಾಸ್ಕೆಟ್ ಆದ್ರೆ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬೀಳತ್ತೆ, ನಿಮ್ಮ ಮೂರನೇದು ಎಲ್ಲಕ್ಕಿಂತ ಚೆನ್ನಾಗಿದೆ. ಉಲ್ಟಾ ಕೇಸೂ ಇರತ್ತೆ, ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಬೀಳೋದು, ಅದು ಬಂದ್ರೆ ನಾನು ಜಾಸ್ತಿ ಹೆದರ್ತೀನಿ, ಹೆಡ್ಡಲ್ಲಿ ಕ್ರ್ಯಾಕ್ ಇರ್ಬಹುದು, ಕಬ್ಬಿಣದ ಹೆಡ್ ಇರೋ ಹಳೇ ಎಂಜಿನಲ್ಲಿ ವಾಲ್ವ್ ಒತ್ತೋ ಟ್ಯಾಪೆಟ್ಟಿನ ಗ್ಯಾಪ್ ಟೈಟ್ ಇಟ್ಟು ಬಿಸಿಗೆ ವಾಲ್ವ್ ಉದ್ದ ಆಗಿ ಪೂರ್ತಿ ಕೂರದೆ ಇರ್ಬಹುದು. ನಿಮ್ಮ ಜಿಪ್ಸಿಲಿ ಹೆಡ್ ಅಲ್ಯೂಮಿನಿಯಂ, ಅದು ಬಿಸಿಗೆ ಜಾಸ್ತಿ ಬೆಳೆಯೋದ್ರಿಂದ ಟ್ಯಾಪೆಟ್ ಗ್ಯಾಪ್ ಬಿಸಿಲಿ ಜಾಸ್ತಿನೇ ಆಗತ್ತೆ, ಇನ್‌ಟೇಕಿಗೆ ತಣ್ಣಗೆ 0.13ರಿಂದ 0.17 ಎಂಎಂ, ಬಿಸಿಲಿ 0.23ರಿಂದ 0.27. ತಣ್ಣಗಿನ ಗ್ಯಾಪನ್ನ ಬಿಸಿ ಎಂಜಿನಲ್ಲಿ ಇಟ್ಟವರಿದ್ದಾರೆ, ಆಮೇಲೆ ತಣ್ಣಗಾದಾಗ ಗ್ಯಾಪ್ ಉಳಿಯೋದು ಕೂದಲೆಳೆಯಷ್ಟೆ, ಇಡುವಾಗ ಇನ್ನೂ ಸ್ವಲ್ಪ ಟೈಟ್ ಆಗಿದ್ರೆ ಅದೂ ಉಳಿಯಲ್ಲ, ವಾಲ್ವ್ ತುಟಿ ತೆರೆದೇ ಇರತ್ತೆ, ಬೆಳಿಗ್ಗೆ ಕಂಪ್ರೆಷನ್ ಇಲ್ಲ, ಬಿಸಿಯಾದ್ರೆ ಎಲ್ಲ ಸರಿ! ನಿಮ್ಮ ನಾಲ್ಕನೇದರ ಲಕ್ಷಣಕ್ಕೆ ಇದೂ ಹೊಂದತ್ತೆ. ಇತ್ತೀಚೆಗೆ ಯಾರಾದ್ರೂ ಟ್ಯಾಪೆಟ್ ಸೆಟ್ ಮಾಡಿದ್ರೆ ಮೊದಲು ಅದನ್ನೇ ನೋಡಿ, ಸಂದಿ ಅಳೆಯೋ ಫೀಲರ್ ಗೇಜ್ ಇದ್ರೆ ಅರ್ಧ ಗಂಟೆ ಕೆಲಸ, ರೀಬೋರ್ ಎಲ್ಲಿ ಇದೆಲ್ಲಿ.

ಹಾಗಂತ ಕುಶಾಲನಗರದವರು ಹೇಳಿದ ಏನೂ ಆಗಿಲ್ಲ ಅನ್ನೋ ಮಾತೂ ಪೂರ್ತಿ ಸರಿ ಅಂತ ನಾನು ಒಪ್ಪಲ್ಲ. 156 ಅಲ್ಲಿನ ಲಿಮಿಟ್ 154ಕ್ಕಿಂತ ಕೂದಲೆಳೆ ಮೇಲಿದೆ ಅಷ್ಟೆ, ಮತ್ತೆ 170ಕ್ಕೂ 156ಕ್ಕೂ 14 ವ್ಯತ್ಯಾಸ, ಪುಸ್ತಕದ ಲಿಮಿಟನ್ನೂ ಎತ್ತರಕ್ಕೆ ತಕ್ಕ ಹಾಗೆ ಇಳಿಸಿದ್ರೆ ಸುಮಾರು 13 ಆಗತ್ತೆ. ಅಂದ್ರೆ ನಾಲ್ಕನೇದನ್ನ ಕಣ್ಣಿಟ್ಟು ನೋಡ್ಕೋಬೇಕು, ಆದ್ರೆ ಎಂಜಿನ್ ಇಳಿಸೋ ಹಂತ ಅಲ್ಲ. ಅದಕ್ಕೆ ಒಂದು ಸಲ ಸರಿಯಾಗಿ ಟೆಸ್ಟ್ ಮಾಡಿಸಿ, ಈ ಸಲ ಮಡಿಕೇರಿಲೇ, ನೀವೇ ಪಕ್ಕದಲ್ಲಿ ನಿಂತು.

ಹಿಂದಿನ ರಾತ್ರಿ ಬ್ಯಾಟರಿ ಚಾರ್ಜಿಗೆ ಹಾಕಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನಾಲ್ಕೂ ಪ್ಲಗ್ ಒಂದು ಸುತ್ತು ಸಡಿಲ ಮಾಡಿ ಮತ್ತೆ ಟೈಟ್ ಮಾಡಿಟ್ಕೊಳ್ಳಿ, ಯಾಕಂದ್ರೆ ಅಲ್ಯೂಮಿನಿಯಂ ಹೆಡ್ ಬಿಸಿ ಇರುವಾಗ ಹಿಡ್ಕೊಂಡಿರೋ ಪ್ಲಗ್ ಜೋರು ಮಾಡಿ ತಿರುಗಿಸಿದ್ರೆ ಥ್ರೆಡ್ ಕಿತ್ಕೊಂಡು ಬರತ್ತೆ, ಕಂಪ್ರೆಷನ್ ನೋಡೋಕೆ ಹೋಗಿ ಹೆಡ್ ಹಾಳು ಮಾಡ್ಕೊಂಡವರಿದ್ದಾರೆ. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ನಿಂತಲ್ಲೇ ಐಡಲ್ ಬಿಟ್ರೆ ಸಾಲದು, ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ್ರೂ ಅದು ನೀರಿನ ಬಿಸಿ, ಆಯಿಲ್ ಬಿಸಿಯಾಗೋದು ನೀರಿಗಿಂತ ಎಷ್ಟೋ ನಿಧಾನ. ಸಂಪಾಜೆ ಘಾಟಿ ಹತ್ತಿಸಿ ರೇಡಿಯೇಟರ್ ಕುದಿಯೋ ಹಾಗೆ ಬಂದು ಟೆಸ್ಟ್ ಮಾಡೋದೂ ಬೇಡ, ಅತಿ ಬಿಸಿಲಿ ಆಯಿಲ್ ತೀರಾ ತೆಳ್ಳಗಾಗಿ ರೀಡಿಂಗ್ ಮತ್ತೆ ಬೀಳತ್ತೆ. ಮೇಲಿನ ರೇಡಿಯೇಟರ್ ಪೈಪ್ ಮುಟ್ಟಿದ್ರೆ ಕೈ ಇಡೋಕೆ ಆಗ್ಬಾರದು, ಅಷ್ಟು ಸಾಕು. ಬಂದ ತಕ್ಷಣ ಪ್ಲಗ್ ಸುತ್ತ ಗಾಳಿ ಊದಿ ಧೂಳು ತೆಗೀರಿ, ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲಿನ ಪ್ಲಸ್ ವೈರ್ ಕಿತ್ತು ಕಿಡಿ ನಿಲ್ಲಿಸಿ, ಚೋಕ್ ಪೂರ್ತಿ ಒಳಗೆ, ಒಬ್ಬರು ಆಕ್ಸಿಲೇಟರ್ ನೆಲಕ್ಕೆ ಒತ್ತಿ ಹಿಡೀಲಿ. ಥ್ರಾಟಲ್ ಮುಚ್ಚಿದ್ರೆ ಸಿಲಿಂಡರಿಗೆ ಗಾಳಿನೇ ಸರಿಯಾಗಿ ಹೋಗಲ್ಲ, ಇದೊಂದನ್ನ ಮರೆತು ಎಂಜಿನ್ ಮೇಲೆ ಆಪಾದನೆ ಹಾಕೋದು ನಾನು ತುಂಬಾ ಸಲ ನೋಡಿದ್ದೀನಿ. ಪ್ರತಿ ಸಿಲಿಂಡರಿಗೂ ಆರೇ ಒತ್ತು, ಗೇಜ್ ಮುಳ್ಳು ಆರು ಸಲ ಜಿಗಿಯೋದು ಎಣಿಸಿ, ಮೊದಲನೇ ಜಿಗಿತಕ್ಕೆ ಎಷ್ಟು ಬಂತು ಅಂತಲೂ ಬರ್ಕೊಳ್ಳಿ. ಚೆನ್ನಾಗಿರೋ ಸಿಲಿಂಡರ್ ಮೊದಲ ಒಂದೆರಡು ಒತ್ತಿಗೇ ಮುಕ್ಕಾಲು ಪಾಲು ಏರಿಬಿಡತ್ತೆ, ರಿಂಗ್ ಸೋರೋದು ತೆವಳ್ಕೊಂಡು ತೆವಳ್ಕೊಂಡು ಮೇಲೆ ಹೋಗತ್ತೆ. ನಾಲ್ಕನೇದು ಮುಗಿದ ಮೇಲೆ ಮತ್ತೆ ಒಂದನೇದಕ್ಕೆ ಗೇಜ್ ಹಾಕಿ ನೋಡಿ. ಮೊದಲಿನ ನಂಬರ್ ಬರದಿದ್ರೆ ಅಷ್ಟು ಹೊತ್ತಲ್ಲಿ ಬ್ಯಾಟರಿ ಸೋತಿದೆ ಅಥವಾ ಎಂಜಿನ್ ತಣ್ಣಗಾಗಿದೆ ಅಂತ ಅರ್ಥ, ಮಳೆಗಾಲದಲ್ಲಿ ನಮ್ಮ ಕಡೆ ಶೆಡ್ ತೆರೆದಿದ್ರೆ ಹೀಗೆ ಆಗೋದು ಜಾಸ್ತಿ, ಹತ್ತು ನಿಮಿಷದೊಳಗೆ ಎಲ್ಲ ಮುಗಿಸ್ಬೇಕು.

ಗೇಜ್ ಬಗ್ಗೆ ಒಂದು ಮಾತು. ರಬ್ಬರ್ ಒತ್ತಿ ಹಿಡಿಯೋದಕ್ಕಿಂತ ಥ್ರೆಡ್ ಹಾಕಿ ಕೂರ್ಸೋ ಗೇಜ್ ಒಳ್ಳೇದು, ಮತ್ತೆ ಅದರ ಸಣ್ಣ ವಾಲ್ವ್ ಪೈಪಿನ ತುದಿಲಿ, ಪ್ಲಗ್ ತೂತಿನ ಹತ್ರವೇ ಇರ್ಬೇಕು. ಮೇಲೆ ಮೀಟರ್ ಹತ್ರ ಇದ್ರೆ ಇಡೀ ಪೈಪಿನ ಜಾಗ ಕಂಬಸ್ಚನ್ ಚೇಂಬರಿಗೆ ಸೇರ್ಕೊಳತ್ತೆ. ನಿಮ್ಮ ಎಂಜಿನಲ್ಲಿ ಒಂದು ಸಿಲಿಂಡರ್ 324 ಸಿಸಿ, ಚೇಂಬರ್ ಸುಮಾರು 40 ಸಿಸಿ, ಪೈಪಲ್ಲಿ 10 ಸಿಸಿ ಸೇರಿದ್ರೆ ರೇಷಿಯೋ 9ರಿಂದ ಏಳೂವರೆಗೆ ಬೀಳತ್ತೆ! ಆ ವಾಲ್ವ್ ಹಾಳಾಯ್ತು ಅಂತ ಟಯರ್ ವಾಲ್ವ್ ತೆಗೆದು ಹಾಕೋರೂ ಇದ್ದಾರೆ, ಅದರ ಸ್ಪ್ರಿಂಗ್ ಗಟ್ಟಿ, ರೀಡಿಂಗ್ ಕಮ್ಮಿ ತೋರ್ಸತ್ತೆ. ನಿಮ್ಮ ಎರಡು ಟೆಸ್ಟಿಗೆ ಎರಡು ಗೇಜ್, ಅದಕ್ಕೇ ಆ 24ನ್ನ ನಾನು ಪೂರ್ತಿ ಬಿಸಿಗೆ ಕೊಡ್ಲಿಲ್ಲ. ಆದ್ರೆ ಗೇಜ್ ತಪ್ಪಿದ್ರೆ ನಾಲ್ಕಕ್ಕೂ ಒಂದೇ ಥರ ತಪ್ಪತ್ತೆ, ನಾಲ್ಕನೇದರ ಆ 20 ಗೇಜಿನ ತಪ್ಪಲ್ಲ.

ಬಿಸಿ ರೀಡಿಂಗ್ ಆದ ಮೇಲೂ ನಾಲ್ಕನೇದು ಹಿಂದೆ ಉಳಿದ್ರೆ ಆ ಪ್ಲಗ್ ತೂತಲ್ಲಿ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಡಿ, ಜಾಸ್ತಿ ಬೇಡ, ಎರಡು ಮೂರು ಸಲ ತಿರುಗಿಸಿ ಹರಡಲಿ, ಮತ್ತೆ ಗೇಜ್. ಧಡಕ್ಕಂತ ಏರಿದ್ರೆ ರಿಂಗ್, ಬೋರ್ ಕಡೆ ಸೋರಿಕೆ. ಅಲ್ಲಾಡದಿದ್ರೆ ವಾಲ್ವ್. ಇಲ್ಲೊಂದು ಎಚ್ಚರಿಕೆ, ಇದನ್ನ ತಣ್ಣಗೆ ಪೆಟ್ರೋಲ್ ತೊಳೆದ ಎಂಜಿನಲ್ಲಿ ಮಾಡಿದ್ರೆ ಒಳ್ಳೆ ಬೋರ್ ಕೂಡ ಏರತ್ತೆ, ನೋಡಿ ರಿಂಗ್ ಹೋಗಿದೆ ಅಂತ ತೋರ್ಸೋಕೆ ಸುಲಭ. ಸುಂಟಿಕೊಪ್ಪದಲ್ಲಿ ನನಗೆ ಆಗಿದ್ದೂ ಅದೇ. ಸಾಧ್ಯ ಇದ್ರೆ ಲೀಕ್‌ಡೌನ್ ಟೆಸ್ಟ್ ಮಾಡಿಸಿ, ಕಂಪ್ರೆಸರ್ ಗಾಳಿ ಬಿಟ್ಟು ಎಲ್ಲಿ ಸೋರತ್ತೆ ಅಂತ ಕಿವಿಲಿ ಕೇಳೋದು, ಆಯಿಲ್ ಹಾಕೋ ಬಾಯಲ್ಲಿ ಸದ್ದು ಬಂದ್ರೆ ರಿಂಗ್, ಕಾರ್ಬಲ್ಲಿ ಬಂದ್ರೆ ಇನ್‌ಟೇಕ್, ಸೈಲೆನ್ಸರಲ್ಲಿ ಬಂದ್ರೆ ಎಕ್ಸಾಸ್ಟ್, ರೇಡಿಯೇಟರಲ್ಲಿ ಗುಳ್ಳೆ ಬಂದ್ರೆ ಗ್ಯಾಸ್ಕೆಟ್. ಅದಕ್ಕೆ ಸೆಲ್ಫೂ ಬೇಡ ಬ್ಯಾಟರಿನೂ ಬೇಡ.

ಇದನ್ನ ಓದೋ ಡೀಸೆಲ್ ಜೀಪಿನವರಿಗೆ, ಕಾಫಿ ಹೂ ಅರಳಿಸೋ ಹೂಮಳೆ ಬರದಿದ್ರೆ ಸ್ಪ್ರಿಂಕ್ಲರ್ ಪಂಪ್‌ಸೆಟ್ ಹೊರಗೆ ತರೋರಿಗೆ ಒಂದು ಮಾತು, ಮೇಲಿನದೆಲ್ಲ ಹಾಗೇ ನಕಲು ಮಾಡ್ಬೇಡಿ. ಡೀಸೆಲಲ್ಲಿ 350-450 ಪಿಎಸ್ಐ ಬರತ್ತೆ, ಪೆಟ್ರೋಲ್ ಗೇಜ್ ಹಾಕಿದ್ರೆ ಒಡೆದು ಮುಖಕ್ಕೆ ಹಾರತ್ತೆ. ಸಿಲಿಂಡರಿಗೆ ಆಯಿಲ್ ಬಿಡೋದು ಅಂತೂ ಬೇಡವೇ ಬೇಡ, ಚೇಂಬರ್ ಅಷ್ಟು ಸಣ್ಣದು, ಆಯಿಲ್ ಒತ್ತೋಕಾಗದೆ ಕನೆಕ್ಟಿಂಗ್ ರಾಡ್ ಬಗ್ಗತ್ತೆ, ಇಲ್ಲಾ ಅದೇ ಆಯಿಲ್ ಹೊತ್ಕೊಳತ್ತೆ. ಆದ್ರೆ ತಣ್ಣನೆ ರೀಡಿಂಗಿಗೆ ಡೀಸೆಲಲ್ಲಿ ಬೆಲೆ ಉಂಟು, ಯಾಕಂದ್ರೆ ಅಲ್ಲಿ ಕಿಡಿ ಇಲ್ಲ, ಗಾಳಿ ಒತ್ತಿ ಬಂದ ಬಿಸಿಲೇ ಡೀಸೆಲ್ ಹೊತ್ಕೋಬೇಕು, ಬೆಳಿಗ್ಗೆ ಬಿಳಿ ಹೊಗೆ ಉಗುಳಿ ಸ್ಟಾರ್ಟ್ ಆಗದಿದ್ರೆ ಆ ಹೊತ್ತಿನ ಕಂಪ್ರೆಷನ್ ಎಷ್ಟು ಅಂತಲೇ ನೋಡ್ಬೇಕು. ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಂತ ಪಂಪ್‌ಸೆಟ್ ತಂದ ದಿನವೇ ಕಂಪ್ರೆಷನ್ ನೋಡಿ ತೀರ್ಪು ಕೊಡ್ಬೇಡಿ, ವಾಲ್ವ್ ಸೀಟ್ ಮೇಲೆ ತುಕ್ಕು ಕೂತಿರತ್ತೆ, ರಿಂಗ್ ಹಿಡ್ಕೊಂಡಿರತ್ತೆ, ಒಂದೆರಡು ಗಂಟೆ ಓಡಿದ ಮೇಲೆ ಎಷ್ಟೋ ಸಲ ತಾನಾಗಿ ಸರಿ ಹೋಗತ್ತೆ. ಕಳೆ ಕಟಾವ್ ಮೆಷಿನ್ ಕೆಲವಕ್ಕೆ ಸುಲಭವಾಗಿ ಸ್ಟಾರ್ಟ್ ಆಗ್ಲಿ ಅಂತ ಕಂಪ್ರೆಷನ್ ಬಿಡೋ ವ್ಯವಸ್ಥೆ ಕಂಪನಿಯವರೇ ಇಟ್ಟಿರ್ತಾರೆ, ಅದರಲ್ಲಿ ಹಗ್ಗ ಎಳೆದು ಬರೋ ನಂಬರ್ ಕಡಿಮೆನೇ ಇರತ್ತೆ.

ಮತ್ತೆ ನಿಮ್ಮ ಜಿಪ್ಸಿಗೆ. ಟೆಸ್ಟಿಗೆ ಮುಂಚೆ ಇವತ್ತೇ ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದ್ರೆ ಅಥವಾ ಆಯಿಲ್ ಮಟ್ಟ ಮೇಲೆ ಬಂದಿದ್ರೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ, ಪೆಟ್ರೋಲ್ ಸೇರಿದ ಆಯಿಲಲ್ಲಿ ಓಡಿಸಿದ್ರೆ ಇವತ್ತು ಚೆನ್ನಾಗಿರೋ ಬೋರೂ ನಾಳೆ ನಿಜವಾಗ್ಲೂ ಹೋಗತ್ತೆ. ಬೆಳಿಗ್ಗೆ ಸ್ಟಾರ್ಟ್ ಆಗದೆ ಇರೋದಕ್ಕೆ ಕಾರಣ ಕಂಪ್ರೆಷನ್ ಅಂತ ನಿಮ್ಮ ಬಿಸಿ ರೀಡಿಂಗ್ ನೋಡಿದ್ರೆ ನನಗೆ ಅನ್ಸಲ್ಲ, ಮೂರು ಸಿಲಿಂಡರ್ ಇಷ್ಟು ಚೆನ್ನಾಗಿರೋ ಎಂಜಿನ್ ಕೆಮ್ಮಿಕೊಂಡಾದ್ರೂ ಸ್ಟಾರ್ಟ್ ಆಗ್ಲೇಬೇಕು. ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಮಂಜಿನ ತೇವ, ಚೋಕ್ ಕೇಬಲ್ ಪೂರ್ತಿ ಎಳೆಯುತ್ತಾ, ಎಳೆದದ್ದು ಪೂರ್ತಿ ವಾಪಸ್ ಹೋಗುತ್ತಾ, ಇದನ್ನ ಒಂದೊಂದಾಗಿ ನೋಡ್ಸಿ. ಕ್ಯಾಪ್ ತೆಗೆದು ಒಳಗೆ ಒಣ ಬಟ್ಟೆಲಿ ಒರೆಸಿ, ಒಂದು ಬೆಳಿಗ್ಗೆ ಅದಷ್ಟೇ ಮಾಡಿ ನೋಡಿ.

ಆಮೇಲೆ ಟ್ಯಾಪೆಟ್ ಗ್ಯಾಪ್ ತಣ್ಣಗಿದ್ದಾಗ ಎಷ್ಟಿದೆ, ನಾಲ್ಕನೇದರ ಎರಡೂ ವಾಲ್ವಿಂದು, ಮತ್ತೆ ಬಿಸಿ ಟೆಸ್ಟಲ್ಲಿ ನಾಲ್ಕೂ ಸಿಲಿಂಡರಿನ ಮೊದಲ ಒತ್ತು, ಆರನೇ ಒತ್ತು, ಆಯಿಲ್ ಬಿಟ್ಟ ಮೇಲೆ ನಾಲ್ಕನೇದು ಎಷ್ಟಾಯ್ತು, ಇಷ್ಟನ್ನ ಬರೆದು ಕಳ್ಸಿ. ಯಾವ ಊರಲ್ಲಿ ನೋಡಿದ್ದು ಅಂತ ಮರೀದೆ ಹಾಕಿ.